ಅಂಗೈಗೆ ಬಂದ ನಿವೇಶನ

ಹಾನಗಲ್ಲ ಸೀಮೆಯಲ್ಲಿ ಹಳೆಯ ದಾನಶಾಸನಗಳಿಗೆ ಕೊರತೆಯಿಲ್ಲ. ಭೂದಾನ ಮಾಡಿದವರು ಅವುಗಳಲ್ಲಿ ಸಾಮಾನ್ಯವಾಗಿ ಮೂರು ಸಂಗತಿಗಳನ್ನು ಕೊರೆಯಿಸಿರುವುದನ್ನು ಕಾಣುತ್ತೇವೆ: ಭೂಮಿ ಎಷ್ಟು ಮತ್ತರು, ಅದರ ಎಲ್ಲೆಗಳಾವುವು, ಕೊಟ್ಟವರು ಯಾರು. ಎಷ್ಟು, ಎಲ್ಲಿ, ಯಾರದು ಎಂಬ ಈ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದೆ ಭೂಮಿಯ ವ್ಯವಹಾರವಿಲ್ಲವೆಂದು ಆ ಕಾಲದವರು ಬಲ್ಲವರಾಗಿದ್ದರು.

ಈಗ ಅದೇ ಸೀಮೆಯ ಭೂಮಿ ಕೈಫೋನಿನ ಪರದೆಯ ಮೇಲೆ ಮಾರಾಟಕ್ಕೆ ಬರುತ್ತದೆ. ಹಸಿರು ಹಿನ್ನೆಲೆಯ ಒಂದು ಚಿತ್ರ, "ಹೆದ್ದಾರಿಗೆ ಐದೇ ನಿಮಿಷ" ಎಂಬ ಒಂದು ಮಾತು, ಕೆಳಗೊಂದು ಫೋನ್ ಸಂಖ್ಯೆ. ಹಿಂದೆ ದಲ್ಲಾಳಿಯ ಮಾತು ಬಸ್ ನಿಲ್ದಾಣದ ಚಹದ ಅಂಗಡಿಯಿಂದ ಸಂತೆಯವರೆಗೆ ಹರಡುತ್ತಿದ್ದಿತು. ಇಂದು ಅದು ಬೆಂಗಳೂರಿನಲ್ಲಿ ದುಡಿಯುತ್ತಿರುವ ಹಿರೇಕೆರೂರಿನ ತರುಣನನ್ನೂ ಕ್ಷಣದಲ್ಲಿ ತಲಪುತ್ತದೆ. ಗೋವಿನಜೋಳ, ಹತ್ತಿಗಳಿಂದ ವರ್ಷಗಟ್ಟಲೆ ಕೂಡಿಸಿದ ಹಣವನ್ನು ಒಂದು ಪ್ಲಾಟಿಗೆ ಹಾಕಬೇಕೆನ್ನುವ ಮನೆಗಳಲ್ಲಿ ಆ ಜಾಹೀರಾತನ್ನು ತೆರೆದು ಓದಿ ಹೇಳುವವರು ಬಹುಮಟ್ಟಿಗೆ ವಿದ್ಯಾರ್ಥಿಗಳೇ. ಆದುದರಿಂದ ಇದರ ಒಳಗುಟ್ಟನ್ನು ಅವರು ಅರಿತಿರುವುದು ಒಳ್ಳೆಯದು.

ಮೊದಲು, ಜಾಹೀರಾತು ನಮ್ಮನ್ನು ಹುಡುಕಿಕೊಂಡು ಬರುವುದು ಹೇಗೆ? ನಮ್ಮ ಫೋನು ಉಪಗ್ರಹಗಳ ಸಂಕೇತಗಳಿಂದಲೂ ಸಮೀಪದ ಗೋಪುರಗಳಿಂದಲೂ ತಾನಿರುವ ಸ್ಥಳವನ್ನು ಕಂಡುಕೊಳ್ಳುತ್ತದೆ. ನಾವು ಅನುಮತಿಯಿತ್ತಿದ್ದರೆ ಜಾಹೀರಾತಿನ ಸಂಸ್ಥೆಗೂ ಅದು ತಿಳಿಯುತ್ತದೆ. ದಲ್ಲಾಳಿಯು ನಕ್ಷೆಯ ಮೇಲೆ ಶಿಗ್ಗಾವಿಯನ್ನು ಕೇಂದ್ರವಾಗಿಟ್ಟು 20 ಕಿ.ಮೀ. ತ್ರಿಜ್ಯದ ವೃತ್ತವನ್ನೆಳೆದನೆನ್ನೋಣ. ಸವಣೂರು ಅದರೊಳಗೆ ಬರುತ್ತದೆ, ಹಿರೇಕೆರೂರು ಹೊರಗುಳಿಯುತ್ತದೆ. ವೃತ್ತದ ಕ್ಷೇತ್ರಫಲ ಸುಮಾರು 1,257 ಚದರ ಕಿ.ಮೀ. ತ್ರಿಜ್ಯವನ್ನು ಅರ್ಧಕ್ಕಿಳಿಸಿದರೆ ಕ್ಷೇತ್ರಫಲ ನಾಲ್ಕನೆಯ ಒಂದು ಭಾಗಕ್ಕಿಳಿಯುತ್ತದೆ. ಊರು ಬಿಟ್ಟು ಹೋದವರನ್ನು ತಲಪಬೇಕೆಂದರೆ ಹುಬ್ಬಳ್ಳಿಯ ಸುತ್ತಲೋ ಬೆಂಗಳೂರಿನ ಸುತ್ತಲೋ ಇನ್ನೊಂದು ವೃತ್ತವನ್ನೆಳೆದರಾಯಿತು.

ಒಂದೇ ವೃತ್ತದಲ್ಲಿ ಹಲವು ದಲ್ಲಾಳಿಗಳಿದ್ದರೆ ಯಾರ ಜಾಹೀರಾತು ಮೇಲೆ ಬರಬೇಕು? ಇಲ್ಲಿ ನಡೆಯುವುದು ಒಂದು ಹರಾಜು. ನಾವು "ಸವಣೂರಿನಲ್ಲಿ ಪ್ಲಾಟು" ಎಂದು ಹುಡುಕಿದೊಡನೆ, ಪುಟ ತೆರೆಯುವುದರೊಳಗಾಗಿ ಅದು ಮುಗಿದಿರುತ್ತದೆ. ಮುಚ್ಚಿದ ಹರಾಜಿನಲ್ಲಿ ಗೆದ್ದವನು ತನ್ನ ಬೆಲೆಯನ್ನಲ್ಲ, ಎರಡನೆಯವನ ಬೆಲೆಯನ್ನು ತೆರಬೇಕೆಂದು ಮಾಡಿದರೆ, ತನಗೆ ನಿಜವಾಗಿ ತೋರಿದ ಬೆಲೆಯನ್ನೇ ಕೂಗುವುದು ಪ್ರತಿಯೊಬ್ಬನಿಗೂ ಲಾಭವೆಂದು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ತೋರಿಸಿಕೊಟ್ಟನು. 1996ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕದ ಗೌರವವು ಸಂದಿತು. ಹುಡುಕಾಟದ ಜಾಹೀರಾತುಗಳ ಹರಾಜು ಇದಕ್ಕೆ ಸಮೀಪದ್ದು. ಆದರೆ ಅಲ್ಲಿ ಬೆಲೆಯೊಡನೆ ಗುಣಾಂಕವೊಂದು ಸೇರುತ್ತದೆ. ಓದುಗರು ಜಾಹೀರಾತನ್ನು ಒತ್ತುವ ಸಂಭವವೆಷ್ಟು, ಕೇಳಿದ್ದಕ್ಕೂ ತೋರಿಸಿದ್ದಕ್ಕೂ ಹೊಂದಿಕೆಯಿದೆಯೆ ಎಂಬುದರ ಅಂದಾಜು ಅದು.

ಲೆಕ್ಕದ ಸರಳ ರೂಪವನ್ನು ಕಲ್ಪಿತ ಅಂಕಿಗಳಿಂದ ನೋಡೋಣ. ಮೊದಲನೆಯ ದಲ್ಲಾಳಿ ಒಂದು ಒತ್ತಿಗೆ 12 ರೂಪಾಯಿ ಕೂಗಿದ್ದಾನೆ, ಅವನ ಗುಣಾಂಕ 3, ಗುಣಲಬ್ಧ 36. ಎರಡನೆಯವನು 8 ರೂಪಾಯಿ ಕೂಗಿದ್ದಾನೆ, ಗುಣಾಂಕ 6, ಗುಣಲಬ್ಧ 48. ಮೇಲಿನ ಸ್ಥಾನ ಎರಡನೆಯವನದು. ಅವನು ತೆರಬೇಕಾದುದು 36ನ್ನು ತನ್ನ 6ರಿಂದ ಭಾಗಿಸಿದಷ್ಟು, ಎಂದರೆ 6 ರೂಪಾಯಿಗಿಂತ ತುಸು ಹೆಚ್ಚು. ಕೇಳಿದವರಿಗೆ ಬೇಕಾದುದನ್ನೇ ಬರೆದಿಟ್ಟವನು ಕಡಿಮೆ ಹಣ ಕೊಟ್ಟು ಮೇಲೇರುತ್ತಾನೆ.

ಆದರೆ ಒಂದು ಮಾತನ್ನು ಮರೆಯಲಾಗದು. ಈ ಯಂತ್ರವು ಜನರ ಆಸಕ್ತಿಯನ್ನು ಅಳೆಯುತ್ತದೆಯೇ ಹೊರತು ಭೂಮಿಯನ್ನಲ್ಲ. ಜಾಹೀರಾತು ಎಲ್ಲಕ್ಕಿಂತ ಮೇಲಿದೆಯೆಂಬುದು ಪ್ಲಾಟಿನ ಹಕ್ಕು ನಿಷ್ಕಳಂಕವಾಗಿದೆಯೆಂಬುದಕ್ಕೆ ಸಾಕ್ಷಿಯಲ್ಲ. ಆ ಪರೀಕ್ಷೆಗೆ ಶಾಸನದ ಮೂರು ಪ್ರಶ್ನೆಗಳೇ ಬೇಕು.

ಎಷ್ಟು? ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. 1,089 ಚದರ ಅಡಿ. ಅಂಥ 40 ಗುಂಟೆಗಳಿಗೆ ಒಂದು ಎಕರೆ. 30 ಅಡಿಗೆ 40 ಅಡಿಯ ಪ್ಲಾಟು 1,200 ಚದರ ಅಡಿ, ಗುಂಟೆಗಿಂತ ಸ್ವಲ್ಪ ದೊಡ್ಡದು. ಚಿತ್ರದಲ್ಲಿ ಅದು ಬಯಲಿನಂತೆ ಕಾಣುವುದುಂಟು. ಫೋನಿನ ಅಗಲನೋಟದ ಮಸೂರವು ಹತ್ತಿರದ ನೆಲವನ್ನು ಹಿಗ್ಗಿಸಿ ದೂರದ ಅಂಚನ್ನು ಇನ್ನೂ ದೂರಕ್ಕೆ ತಳ್ಳಿದಂತೆ ತೋರಿಸುತ್ತದೆ. ಅಡಿಗಳ ಲೆಕ್ಕವನ್ನು ನಂಬಬೇಕು, ಚಿತ್ರವನ್ನಲ್ಲ.

ಎಲ್ಲಿ? ನಕ್ಷೆಯ ಗುರುತು ಅಕ್ಷಾಂಶ ರೇಖಾಂಶಗಳ ಎರಡು ಸಂಖ್ಯೆಗಳು, ಅಷ್ಟೆ. ಅಕ್ಷಾಂಶದಲ್ಲಿ ದಶಾಂಶದ ಮೂರನೆಯ ಸ್ಥಾನ ಒಂದರಷ್ಟು ಬದಲಾದರೆ ಗುರುತು ಸುಮಾರು 111 ಮೀಟರು ಸರಿಯುತ್ತದೆ. ಹೊಲದ ಮಧ್ಯದ ಪ್ಲಾಟು ರಸ್ತೆಯ ಬದಿಗೆ ಬಂದು ನಿಲ್ಲಲು ಇಷ್ಟು ಸಾಕು. ರಾಜ್ಯದ ‘ದಿಶಾಂಕ್’ ತಂತ್ರಾಂಶವು ನಾವು ನಿಂತ ನೆಲದ ಸರ್ವೆ ನಂಬರನ್ನು ತೋರಿಸುತ್ತದೆ. ಇದು ಬಹಳ ಉಪಯುಕ್ತ. ಆದರೆ ಬಯಲಿನಲ್ಲಿಯೂ ಫೋನಿನ ಸ್ಥಾನನಿರ್ಣಯದಲ್ಲಿ ಸುಮಾರು 5 ಮೀಟರುಗಳ ತಪ್ಪಿರಬಹುದು. 30 ಅಡಿ ಅಗಲವೆಂದರೆ 9 ಮೀಟರು ಮಾತ್ರ. ಯಾವ ಹೊಲವೆಂಬುದನ್ನು ಫೋನು ಹೇಳಬಲ್ಲದು, ಯಾವ ಅಂಚೆಂಬುದನ್ನು ಹೇಳಲಾರದು. ಅದಕ್ಕೆ ಭೂಮಾಪಕನ ಅಳತೆಯೂ ಬಾಂದುಕಲ್ಲೂ ಬೇಕೇಬೇಕು.

ಯಾರದು? ನಮ್ಮ ಕಡೆ ಉತಾರವೆನ್ನುವ ಪಹಣಿಯಲ್ಲಿ ಇದಕ್ಕೆ ಮೊದಲ ಉತ್ತರವಿದೆ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಿಂದ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಸರ್ವೆ ನಂಬರು ತಿಳಿದಿದ್ದರೆ ಯಾರು ಬೇಕಾದರೂ ನೋಡಬಹುದು. ಭೂಮಿಯ ಮೇಲೆ ಸಾಲವಿದೆಯೆ, ಹಿಂದೆ ಮಾರಾಟವಾಗಿದೆಯೆ ಎಂಬುದನ್ನು ನೋಂದಣಿ ಇಲಾಖೆಯ ಋಣಭಾರ ಪತ್ರದಿಂದ ತಿಳಿಯಬೇಕು. ಕೃಷಿಭೂಮಿಯಾಗಿದ್ದರೆ ಎನ್.ಎ. ಆಜ್ಞೆಯನ್ನೂ ಕೇಳಬೇಕು. ಇದಲ್ಲದೆ, ಸಾಮಾನ್ಯವಾಗಿ ರೇರಾ ಎಂದು ಕರೆಯುವ 2016ರ ಕೇಂದ್ರ ಕಾಯಿದೆಯ ಪ್ರಕಾರ, ಯೋಜನಾ ಪ್ರದೇಶದೊಳಗೆ 500 ಚದರ ಮೀಟರಿಗಿಂತ ದೊಡ್ಡ ಹೊಸ ಬಡಾವಣೆಯನ್ನು ನೋಂದಾಯಿಸದೆ ಜಾಹೀರಾತು ಮಾಡುವಂತಿಲ್ಲ. ಅದರ ಪ್ಲಾಟುಗಳನ್ನು ಮಾರಿಸುವ ದಲ್ಲಾಳಿಯೂ ನೋಂದಣಿ ಪಡೆದಿರತಕ್ಕದ್ದು. ಬಡಾವಣೆಯ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆಯಿರಬೇಕು. ಜಾಹೀರಾತಿನ ಸುಳ್ಳನ್ನು ನಂಬಿ ನಷ್ಟಹೊಂದಿದವನಿಗೆ ಪರಿಹಾರ ಕೇಳುವ ಹಕ್ಕುಂಟು.

ಪ್ರಾಮಾಣಿಕ ದಲ್ಲಾಳಿಗೆ ಇದರಿಂದ ತೊಂದರೆಯೇನೂ ಇಲ್ಲ. ಸರ್ವೆ ನಂಬರು, ಅಡಿಗಳಲ್ಲಿ ಅಳತೆ, ನೋಂದಣಿ ಸಂಖ್ಯೆ, ಈ ಮೂರನ್ನು ಜಾಹೀರಾತಿನಲ್ಲೇ ಕೊಟ್ಟವನಿಗೆ ಗಿರಾಕಿಯ ನಂಬಿಕೆಯೂ ದೊರೆಯುತ್ತದೆ, ಹರಾಜಿನ ಲೆಕ್ಕವೂ ಬಹುಮಟ್ಟಿಗೆ ಅನುಕೂಲವಾಗುತ್ತದೆ. ಇನ್ನು ನಮ್ಮ ಮನೆಯ ಹಿರಿಯರು ಫೋನನ್ನು ಮುಂದೆ ಚಾಚಿ "ಇದೇನು ನೋಡು" ಎಂದಾಗ, ಬೆಲೆಯನ್ನು ಓದುವ ಮೊದಲು ಸರ್ವೆ ನಂಬರನ್ನು ಹುಡುಕೋಣ. ಅದು ಕಾಣದಿದ್ದರೆ ಫೋನು ಮಾಡಿ ಕೇಳೋಣ. ಹೇಳಲು ಹಿಂಜರಿದರೆ ಹಣವು ಮನೆಯಲ್ಲಿಯೇ ಇರಲಿ.