ಗಡಿಯಾಚೆಯ ಮನೆ

ಅಕ್ಕಂದಿರೇ, ಒಬ್ಬ ಹೆಂಗಸನ್ನು ಮನಸ್ಸಿಗೆ ತಂದುಕೊಳ್ಳಿ. ಅವಳ ತವರು ಪುತ್ತೂರಿನ ಹತ್ತಿರ. ಗಂಡನ ಮನೆ ಕುಂಬಳೆಯ ಹತ್ತಿರ. ಕಷ್ಟಪಟ್ಟು ಕನ್ನಡ ಅಕ್ಷರ ಕಲಿತಳು. ಒಂದು ದಿನ ಕಚೇರಿಯಿಂದ ಕಾಗದ ಬಂತು. ಬಿಡಿಸಿ ನೋಡಿದಳು. ಒಂದಕ್ಷರವೂ ತಿಳಿಯಲಿಲ್ಲ. ಕಾಗದ ಮಲಯಾಳದಲ್ಲಿತ್ತು. ಓದು ಕಲಿತ ಮೇಲೂ ಹೆಬ್ಬೆಟ್ಟೇ ಆಯಿತಲ್ಲ!

ಹೀಗೇಕೆ? ಕುಂಬಳೆ ಇರುವುದು ಕಾಸರಗೋಡು ಜಿಲ್ಲೆಯಲ್ಲಿ. ಕಾಸರಗೋಡು ಕೇರಳ ರಾಜ್ಯದಲ್ಲಿದೆ.

ಮೊದಲು ಹಾಗಿರಲಿಲ್ಲ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲ್ಲೂಕಾಗಿತ್ತು. ಇಡೀ ಜಿಲ್ಲೆ ಮದರಾಸು ರಾಜ್ಯಕ್ಕೆ ಸೇರಿತ್ತು. ಕೋರ್ಟು, ಕಚೇರಿ ಎಂದರೆ ಮಂಗಳೂರು. 1956ರ ನವೆಂಬರ್ 1ರಂದು ಭಾಷೆಯ ಲೆಕ್ಕದಲ್ಲಿ ರಾಜ್ಯಗಳನ್ನು ಮಾಡಿದರು. ಮಂಗಳೂರು ನಮ್ಮ ರಾಜ್ಯಕ್ಕೆ ಬಂತು. ಕಾಸರಗೋಡು ಕೇರಳಕ್ಕೆ ಹೋಯಿತು. ಜಿಲ್ಲಾ ಕಚೇರಿಯ ಕೆಲಸಕ್ಕೆ ದೂರದ ಕಣ್ಣೂರಿಗೆ ಹೋಗಬೇಕಾಯಿತು. 1984ರಲ್ಲಿ ಕಾಸರಗೋಡೇ ಒಂದು ಜಿಲ್ಲೆಯಾಯಿತು.

ಅಲ್ಲಿ ಗೆರೆ ಎಳೆಯುವುದು ಸುಲಭದ ಮಾತಲ್ಲ. ಒಂದೇ ಬೀದಿಯಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ ಎಲ್ಲಾ ಕೇಳಿಸುತ್ತೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಹೀಗೆ ಬದುಕುವವರು ಎಷ್ಟೋ ಜನ. ಚಂದ್ರಗಿರಿ ಹೊಳೆಯ ಬಡಗು ಕಡೆ ಕನ್ನಡ, ತುಳು ಹೆಚ್ಚು. ಯಕ್ಷಗಾನದ ಪಾರ್ತಿಸುಬ್ಬ ಕುಂಬಳೆಯವನು. ಕವಿ ಗೋವಿಂದ ಪೈ ಬಾಳಿದ್ದು ಮಂಜೇಶ್ವರದಲ್ಲಿ.

ಕವಿ ಕಯ್ಯಾರ ಕಿಞ್ಞಣ್ಣ ರೈ ಮತ್ತು ಇನ್ನೂ ಅನೇಕರು, ನಮ್ಮನ್ನು ಕನ್ನಡ ನಾಡಿಗೆ ಸೇರಿಸಿ ಎಂದು ಹೋರಾಡಿದರು. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಚಂದ್ರಗಿರಿಯ ಬಡಗು ಭಾಗ ಕನ್ನಡ ರಾಜ್ಯಕ್ಕೆ ಸೇರಲಿ ಎಂದಿತು. ಕೇರಳ ಒಪ್ಪಲಿಲ್ಲ. ವರದಿ ಹಾಗೇ ಉಳಿಯಿತು.

ಅಲ್ಲಿ ಕನ್ನಡ ಶಾಲೆಗಳಿವೆ. ಆದರೆ ಕನ್ನಡ ಸರಿಯಾಗಿ ಬಾರದ ಮೇಷ್ಟ್ರನ್ನು ಹಾಕಿದ್ದೂ ಉಂಟು. ಆಗ ಮಕ್ಕಳೇ ಬೀದಿಗಿಳಿದು ಕೇಳಿದ್ದಾರೆ.

ದೊಡ್ಡ ಕಾಯಿಲೆ ಬಂದರೆ ಇಲ್ಲಿಯವರು ಓಡುವುದು ಮಂಗಳೂರಿಗೆ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂತು. ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ತಲಪಾಡಿಯಲ್ಲಿ ಆಂಬುಲೆನ್ಸ್ ಕೂಡ ದಾಟಲಿಲ್ಲ. ಆಸ್ಪತ್ರೆ ಸಿಗದೆ ಕೆಲವರು ತೀರಿಹೋದರು. ಮುಚ್ಚಿದ್ದು ಕರ್ನಾಟಕ ಸರ್ಕಾರ. ಬಾಯಲ್ಲಿ ಮಾತ್ರ ನಮ್ಮವರು ಎಂದರೆ ಸಾಕಾ? ಮಾತು ಕೋರ್ಟಿಗೆ ಹೋಯಿತು. ಏಪ್ರಿಲ್‌ನಲ್ಲಿ ರೋಗಿಗಳಿಗೆ ದಾರಿ ಬಿಟ್ಟರು.

ಈಗ ಆ ಕಾಗದದ ವಿಷಯ. ನಮ್ಮ ಸಂವಿಧಾನದ 350ನೇ ವಿಧಿ ಒಂದು ಮಾತು ಹೇಳುತ್ತೆ. ಕಷ್ಟ ಹೇಳಿಕೊಳ್ಳುವ ಅರ್ಜಿಯನ್ನು ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಸುವ ಯಾವ ಭಾಷೆಯಲ್ಲಾದರೂ ಕೊಡಬಹುದು. ಮಕ್ಕಳಿಗೆ ಮೊದಲ ಓದು ತಾಯಿನುಡಿಯಲ್ಲಿ ಸಿಗುವಂತೆ ರಾಜ್ಯ ನೋಡಿಕೊಳ್ಳಬೇಕು ಎಂದು 350ಎ ವಿಧಿಯಲ್ಲಿದೆ. ಹಾಗಾಗಿ ನಮ್ಮ ಕುಂಬಳೆಯ ಅಕ್ಕ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು. "ಈ ಕಾಗದ ನನಗೆ ಓದಲು ಬರುವುದಿಲ್ಲ. ಕನ್ನಡದಲ್ಲಿ ಕೊಡಿ." ಕೆಳಗೆ ಅವಳ ರುಜು.