ಬೆಟ್ಟದೂರಿನಲ್ಲಿ ಒಂಟಿಕಾಲು

ಡಾಕ್ಟರು ಕೈಗಿತ್ತ ಪುಟ್ಟ ಬಾಟಲಿಯೊಳಗೆ ಅರ್ಧ ಇಂಚೂ ಇಲ್ಲದ ಕಪ್ಪು ಮುಳ್ಳಿನ ತುಂಡೊಂದಿತ್ತು. ಎರಡೂವರೆ ತಿಂಗಳು ನನ್ನನ್ನು ಕುಂಟಿಸಿದ ಪುಣ್ಯಾತ್ಮ ಇವನೇ. ಕೆರೆಯಂಗಳದ ಬಳ್ಳಾರಿ ಜಾಲಿ ಹವಾಯಿ ಚಪ್ಪಲಿಯನ್ನೇ ತೂರಿಕೊಂಡು ಹೆಬ್ಬೆರಳಿನ ಬುಡಕ್ಕೆ ಇಳಿದಿತ್ತು.

ಮುಳ್ಳು ಚುಚ್ಚಿದ ದಿನ ಎಲ್ಲರ ಮನೆಯಲ್ಲಿ ಆಗುವುದೇ ನಮ್ಮಲ್ಲೂ ಆಯಿತು. ಪಿನ್ನಿನಿಂದ ಕೆದಕಿದ್ದಾಯಿತು, ಎಕ್ಕದ ಹಾಲು ಬಿಟ್ಟಿದ್ದಾಯಿತು. ‘ಬಂತು ಬಿಡು’ ಎಂದರು. ಬಂದಿದ್ದು ಅರ್ಧ. ತಿಂಗಳೊಳಗೆ ಅಂಗಾಲಿನಲ್ಲಿ ಗೋಲಿಯಂಥ ಗಂಟು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ನಾನೂ ನೆಮ್ಮದಿಯಾಗಿ ಮನೆಗೆ ಬಂದೆ. ಸೂಜಿ, ಗಾಜಿನ ಚೂರು ಎಕ್ಸ್‌ರೇಗೆ ಸಿಗುತ್ತವೆ, ಮರದ ಸೀಳು ಮತ್ತು ಮುಳ್ಳು ಸಾಮಾನ್ಯವಾಗಿ ಸಿಗುವುದಿಲ್ಲ, ಅವಕ್ಕೆ ಅಲ್ಟ್ರಾಸೌಂಡ್ ಬೇಕು ಎಂಬುದು ಗೊತ್ತಾಗುವ ಹೊತ್ತಿಗೆ ಸಂಕ್ರಾಂತಿ ಬಂದಿತ್ತು. ಆಪರೇಷನ್ ಅರ್ಧ ಗಂಟೆಯದು. ಪಾದ ಮರಗಟ್ಟಿಸಿ, ಗಂಟು ಕೊಯ್ದು, ನಾಲ್ಕು ಹೊಲಿಗೆ ಹಾಕಿ ಅದೇ ಸಂಜೆ ಕಳಿಸಿದರು. ಕಷ್ಟ ಶುರುವಾಗಿದ್ದು ಆಮೇಲೆ.

ನಮ್ಮೂರು ಆವನಿಯಲ್ಲಿ ಜಿಮ್ ಎಂದರೆ ಬೆಟ್ಟ. ಕೆಳಗೆ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಸಮೂಹ, ಮೇಲೆ ಸೀತಾ ಪಾರ್ವತಿಯ ಗುಡಿ. ಲವಕುಶರು ಹುಟ್ಟಿದ್ದು ಇಲ್ಲೇ ಎಂದು ನಂಬಿ, ಮಕ್ಕಳ ಹರಕೆ ಹೊತ್ತವರು ಹತ್ತುತ್ತಾರೆ. ಹರಕೆ ಇಲ್ಲದ ನಾನು ಹೊಟ್ಟೆ ಕರಗಿಸಲು ಆರು ವರ್ಷದಿಂದ ದಿನಾ ಬೆಳಿಗ್ಗೆ ಹತ್ತುತ್ತಿದ್ದೆ. ‘ಮೂರು ವಾರ ಮುಂಗಾಲು ಊರಬೇಡಿ’ ಎಂದಾಗ ಕಣ್ಣಿಗೆ ಬಂದದ್ದು ಆ ಬಂಡೆಗಳೇ. ಮೈಯ ಭಾರವೆಲ್ಲ ಅಂಗಾಲಿನ ಮೇಲೆಯೇ ಬೀಳುವುದರಿಂದ ಅಲ್ಲಿನ ಹೊಲಿಗೆಯನ್ನು ಬೇರೆ ಕಡೆಯಂತೆ ವಾರಕ್ಕೆ ಬಿಚ್ಚುವುದಿಲ್ಲ, ಎರಡು ಮೂರು ವಾರ ಬಿಡುತ್ತಾರೆ.

ಊರಿನ ಸಲಹೆಗಳು ಎರಡೇ ಬಗೆ. ಒಂದು, ‘ಇಷ್ಟಕ್ಕೆಲ್ಲ ಮಲಗ್ತಾರಾ, ನಡೀತಾ ನಡೀತಾ ಸರಿಹೋಗುತ್ತೆ.’ ಇನ್ನೊಂದು, ‘ಮಂಚ ಬಿಟ್ಟು ಏಳಬೇಡ.’ ಬದನೆಕಾಯಿ ನಂಜು, ಕುಂಬಳಕಾಯಿ ನಂಜು, ಕಾಲಿಗೆ ಕಾಲು ಸೂಪೇ ಮದ್ದು. ಸೂಪಿಗೆ ನನ್ನ ತಕರಾರಿರಲಿಲ್ಲ.

ಮಂಚದ ಪಕ್ಷದವರಿಗೆ ಒಂದು ಹಳೆಯ ಪ್ರಯೋಗದ ಕಥೆ ಹೇಳಬೇಕೆನಿಸುತ್ತಿತ್ತು. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತರ ಹರೆಯದ ಐವರು ಗಟ್ಟಿಮುಟ್ಟು ಹುಡುಗರನ್ನು ಮೂರು ವಾರ ಹಾಸಿಗೆಯಿಂದ ಏಳದಂತೆ ಮಲಗಿಸಿದರು. ದುಡಿಯುವಾಗ ಮೈ ಆಮ್ಲಜನಕ ಬಳಸಿಕೊಳ್ಳುವ ಶಕ್ತಿ ಕಾಲುಭಾಗಕ್ಕೂ ಹೆಚ್ಚು ಇಳಿಯಿತು. ಮೂವತ್ತು ವರ್ಷ ಕಳೆದ ಮೇಲೆ ಅದೇ ಐವರನ್ನು ಹುಡುಕಿ ಮತ್ತೆ ಪರೀಕ್ಷಿಸಿದರು. ಮೂರು ದಶಕಗಳ ವಯಸ್ಸು ಕೂಡ ಅವರ ಶಕ್ತಿಯನ್ನು ಆ ಮೂರು ವಾರದಷ್ಟು ಕುಗ್ಗಿಸಿರಲಿಲ್ಲ! ಕೆಟ್ಟಿದ್ದು ಒಂದು ಪಾದವಾದರೆ ಇಡೀ ಮೈಯನ್ನು ಯಾಕೆ ಮಲಗಿಸಬೇಕು?

ಮೊದಲ ಮೂರು ದಿನ ಮಾತ್ರ ಸುಮ್ಮನೆ ಬಿದ್ದುಕೊಂಡೆ. ಎರಡು ದಿಂಬಿನ ಮೇಲೆ ಕಾಲು, ಎದೆಗಿಂತ ಎತ್ತರಕ್ಕೆ. ಇಳಿಬಿಟ್ಟರೆ ಹತ್ತೇ ನಿಮಿಷದಲ್ಲಿ ಪಾದ ಊದಿ ಹೊಲಿಗೆ ಬಿಗಿಯುತ್ತಿತ್ತು. ಮಲಗಿದ್ದಲ್ಲೇ ಆ ಕಾಲಿನ ಹರಡನ್ನು ಗಂಟೆಗೊಮ್ಮೆ ಮೇಲೆ ಕೆಳಗೆ ಆಡಿಸುವುದು. ಮೀನಖಂಡದಲ್ಲಿ ರಕ್ತ ನಿಂತು ಹೆಪ್ಪುಗಟ್ಟದಿರಲು ಇದು ಬೇಕಂತೆ. ನಾಲ್ಕನೇ ದಿನದಿಂದ ಎರಡು ಲೀಟರಿನ ನೀರಿನ ಬಾಟಲಿಗಳೇ ನನ್ನ ಡಂಬೆಲ್. ಕುರ್ಚಿಯಲ್ಲಿ ಕೂತು ತಲೆಯ ಮೇಲೆತ್ತುವುದು, ಮಲಗಿ ನೆಟ್ಟಗೆ ಕಾಲೆತ್ತುವುದು, ಒಳ್ಳೆಯ ಕಾಲಿನ ಬಲದಿಂದಲೇ ಕುರ್ಚಿಯಿಂದ ಏಳುವುದು. ಕೊನೆಯದರ ಹಿಂದೆ ಒಂದು ಸ್ವಾರಸ್ಯವಿದೆ. ಒಂದು ಬದಿಗೆ ಕಸರತ್ತು ಕೊಟ್ಟರೆ ದುಡಿಯದ ಇನ್ನೊಂದು ಬದಿಗೂ ಸ್ವಲ್ಪ ಬಲ ಬರುತ್ತದೆಂದು ಯೇಲ್ ವಿಶ್ವವಿದ್ಯಾಲಯದವರು 1894ರಲ್ಲೇ ಕಂಡಿದ್ದರು. ಸ್ನಾಯುವಿಗಿಂತ ಇದು ನರಗಳ ಕೆಲಸ.

ನಾನು ಹೀಗೆ ಏದುಸಿರು ಬಿಡುವಾಗ ಪಕ್ಕದ ಮನೆಯಜ್ಜಿ ಬಾಗಿಲಲ್ಲಿ ನಿಂತು ನಮ್ಮ ಗಡಿಸೀಮೆಯ ತೆಲುಗಿನಲ್ಲಿ ಕೇಳುತ್ತಿದ್ದರು: ‘ಏಂ ನಾಯನಾ, ಇಂಕಾ ಮಂಚಂ ದಿಗಲೇದಾ?’ ಇನ್ನೂ ಮಂಚ ಇಳಿದಿಲ್ಲವಾ ಅಂತ. ಉತ್ತರ ಕೊಡುವ ಮೊದಲೇ ಮಡಿಲಿಗೆ ಒಂದು ಮೊರ ನೆನೆಸಿದ ಅವರೆಕಾಳು ಬಂದಿರುತ್ತಿತ್ತು. ಸೊಗಡಿನ ಕಾಲ, ಕೈಗಳು ಖಾಲಿ ಇವೆ ತಾನೇ? ಕಾಲು ಮೇಲಿಟ್ಟುಕೊಂಡು ಹಿತುಕುತ್ತ ಕೂರುತ್ತಿದ್ದೆ, ಬೆರಳ ತುದಿ ಚುರುಗುಟ್ಟುವವರೆಗೆ. ಗಾಯ ಕೂಡಲು ಪ್ರೋಟೀನು ಬೇಕೆಂದು ಡಾಕ್ಟರು ಹೇಳಿದ್ದರು. ಹಿತಕಿದ ಬೇಳೆ ಸಾರು, ರಾಗಿ ಮುದ್ದೆ ಅದನ್ನು ನಿಭಾಯಿಸಿದವು. ಮುಳಬಾಗಿಲಿನಿಂದ ಯಾರೋ ಕಟ್ಟಿಸಿಕೊಂಡು ಬಂದ ತುಪ್ಪದ ದೋಸೆ ಎಷ್ಟು ನಿಭಾಯಿಸಿತೋ, ಆ ಲೆಕ್ಕ ಬೇಡ.

ಹದಿನೆಂಟನೇ ದಿನ ಹೊಲಿಗೆ ಬಿಚ್ಚಿದರು. ಬ್ಯಾಂಡೇಜು ತೆಗೆದಾಗ ಬಲಗಾಲಿನ ಮೀನಖಂಡ ಎಡಗಾಲಿಗಿಂತ ಕಣ್ಣಿಗೆ ಕಾಣುವಷ್ಟು ಸಣ್ಣಗಾಗಿತ್ತು. ಕಸರತ್ತು ಎಲ್ಲವನ್ನೂ ಉಳಿಸುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಂತೂ ನನ್ನ ಈ ಸರ್ಕಸ್ಸನ್ನು ಹಾಗೇ ಅನುಸರಿಸಬಾರದು. ಪಾದದ ಸ್ಪರ್ಶ ಮಂಕಾಗಿದ್ದರೆ ಗಾಯ ಬಿರಿದದ್ದೂ ಗೊತ್ತಾಗುವುದಿಲ್ಲ. ಸಕ್ಕರೆಯಿಲ್ಲದ ನನಗೇ ಗುಡಿಯ ಪ್ರಾಕಾರದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಡೆಯುವುದು ಇನ್ನೂ ಒಂದು ತಿಂಗಳು ಬೇಡ ಎಂದರು. ಹಾಗಾಗಿ ಗಟ್ಟಿ ಅಟ್ಟೆಯ ಶೂ ತೊಟ್ಟು ಗುಡಿಯ ಗೋಡೆಯ ಹೊರಗೇ ನನ್ನ ಪ್ರದಕ್ಷಿಣೆ. ಮೊದಲ ದಿನ ಒಂದು ಸುತ್ತು. ಉಮೇದಿನಲ್ಲಿ ಐದು ಸುತ್ತಿದ ದಿನ ರಾತ್ರಿ ಪಾದ ಊದಿತು, ಮತ್ತೆ ಎರಡಕ್ಕೆ ಇಳಿದೆ.

ಶಿವರಾತ್ರಿ ಜಾತ್ರೆಗೆ ಬೆಟ್ಟ ಹತ್ತುತ್ತೇನೆಂದು ಜಂಬ ಕೊಚ್ಚಿದ್ದೆ. ಹತ್ತಿದ್ದು ಅರ್ಧ. ಬಂಡೆಯೊಂದರ ನೆರಳಲ್ಲಿ ಶೂ ಬಿಚ್ಚಿ ಅಂಗಾಲು ನೋಡಿಕೊಂಡು, ಕೆಳಗಿನ ದನಗಳ ಜಾತ್ರೆಯ ಧೂಳನ್ನೂ ನೋಡಿ ಇಳಿದುಬಂದೆ.

ಮುಳ್ಳಿನ ಬಾಟಲಿ ಇನ್ನೂ ಫ್ರಿಜ್ಜಿನ ಮೇಲಿದೆ. ಬಿಸಾಕೋಣ ಎಂದರೆ ಅಮ್ಮ ಬಿಡುತ್ತಿಲ್ಲ. ‘ಎಲ್ಲಾದರೂ ಎಸೆದು, ಇನ್ಯಾರ ಕಾಲಿಗೋ ಚುಚ್ಚಬೇಕಾ?’