ಒಂದೇ ಬೀದಿ, ನಾಲ್ಕು ನೆಲ: ಯಾವ ಟೈರು ಹಾಕಿಸೋಣ ಸ್ವಾಮಿ?

ದಾವಣಗೆರೆಯಲ್ಲಿ ಸೈಕಲ್ ತುಳಿಯುವವನಿಗೆ ದಾರಿ ಒಂದಾದರೂ ನೆಲ ನಾಲ್ಕು. ಮನೆ ಮುಂದೆ ಕಾಂಕ್ರೀಟ್ ಗಲ್ಲಿ. ತಿರುವು ದಾಟಿದರೆ ಡಾಂಬರು. ಡಾಂಬರಿನ ನಡುವೆ ಪೈಪು ಹೂಳಲೆಂದು ಅಗೆದು, ಅರ್ಧಂಬರ್ಧ ಮುಚ್ಚಿದ ಜಲ್ಲಿಯ ಪಟ್ಟಿ. ಊರು ದಾಟಿ ಭದ್ರಾ ನಾಲೆಯ ಏರಿ ಹಿಡಿದರೆ ಮಣ್ಣು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಇಪ್ಪತ್ತು ಊರುಗಳ ಪಟ್ಟಿಯಲ್ಲಿ ನಮ್ಮ ಊರಿನ ಹೆಸರು ಬಂತು. ಹೆಸರಿನ ಹಿಂದೆಯೇ ಜೆಸಿಬಿಯೂ ಬಂತು. ಅಗೆಯುವುದು ಮಾತ್ರ ಇವತ್ತಿಗೂ ಯಾವ ಊರಿಗೂ ತಪ್ಪಿದ್ದಲ್ಲ.

ಈ ನಾಲ್ಕು ನೆಲದ ಮೇಲೆ ಶಾಲೆಗೆ ಹೋಗುವ ಹುಡುಗಿ, ಪೇಪರ್ ಹಾಕುವ ಹುಡುಗ, ಗಾರೆ ಕೆಲಸದವರು, ಹಳ್ಳಿಯಿಂದ ತುಳಿದು ಬಂದು ಸ್ಟ್ಯಾಂಡಿನಲ್ಲಿ ಸೈಕಲ್ ಇಟ್ಟು ಬಸ್ ಹತ್ತುವವರು, ಎಲ್ಲರೂ ಸಾಗಬೇಕು. 2006-07ರಿಂದ ಹಲವು ವರ್ಷ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್ಲುಗಳಲ್ಲಿ ಎಷ್ಟೋ ಈಗ ಅಪ್ಪಂದಿರ ಕೈಯಲ್ಲಿವೆ. ನೆಲಕ್ಕೂ ಮೈಗೂ ನಡುವೆ ಇರುವುದು ಹೆಬ್ಬೆರಳಗಲದ ಎರಡು ರಬ್ಬರ್ ಪಟ್ಟಿ. ಅದನ್ನು ಕೊಳ್ಳುವಾಗ ನಾವು ಹೇಳುವ ಮಾತು ಮಾತ್ರ ಒಂದೇ: "ಯಾವ್ದಾದ್ರೂ ಒಂದು ಹಾಕ್ಕೊಡಪ್ಪ, ಕಮ್ಮೀದು ನೋಡಿ."

ಕೆಸರಿನಲ್ಲೇ ಪಂದ್ಯ

ಇಂಥದೇ ನೆಲವನ್ನು ಬೇಕೆಂದು ಹುಡುಕಿಕೊಂಡು ಹೋಗಿ ಪಂದ್ಯ ಆಡುವವರಿದ್ದಾರೆ. ಬೆಲ್ಜಿಯಂ, ಹಾಲೆಂಡ್, ಫ್ರಾನ್ಸ್‌ಗಳಲ್ಲಿ ಚಳಿಗಾಲ ಬಂತೆಂದರೆ ಸೈಕ್ಲೋಕ್ರಾಸ್ ಎಂಬ ಆಟ. ಮೂರು ಕಿಲೋಮೀಟರಿನ ಆಸುಪಾಸಿನ ಒಂದು ಸುತ್ತು. ಅದರಲ್ಲೇ ಹುಲ್ಲು, ಕೆಸರು, ಮರಳು, ಡಾಂಬರು ಎಲ್ಲ. ತುಳಿಯಲಾಗದ ಕಡೆ ಸೈಕಲ್ಲನ್ನು ಹೆಗಲಿಗೇರಿಸಿ ಓಡಬೇಕು. ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ 1950ರಲ್ಲಿ ಪ್ಯಾರಿಸ್‌ನಲ್ಲಿ ನಡೆಯಿತು. ಗೆದ್ದವರು ಫ್ರಾನ್ಸ್‌ನ ಜಾನ್ ರೋಬಿಕ್. 1947ರ ಟೂರ್ ಡಿ ಫ್ರಾನ್ಸ್ ಗೆದ್ದವರೂ ಅವರೇ.

ಈ ಪಟುಗಳು ಟೈರು ಆರಿಸುವ ರೀತಿ ನಮಗೂ ಪಾಠ. ಪಂದ್ಯಕ್ಕೆ ಮುಂಚೆ ಸುತ್ತನ್ನೊಮ್ಮೆ ನೋಡಿ ಬರುತ್ತಾರೆ. ಒಣ ಹುಲ್ಲು, ಗಟ್ಟಿ ನೆಲ ಇದ್ದರೆ ಅರದಂತೆ ಸಣ್ಣ ಗೆರೆಗಳ ಟೈರು. ನೆಲ ಸ್ವಲ್ಪ ಸಡಿಲವಾದರೆ ಸಣ್ಣ ಉಬ್ಬುಗಳ ಟೈರು. ಆಳದ ಕೆಸರಾದರೆ ಎತ್ತರದ, ದೂರ ದೂರ ಕೂತ ಉಬ್ಬುಗಳ ಟೈರು. ಉಬ್ಬು ಒತ್ತೊತ್ತಾಗಿದ್ದರೆ ಸಂದಿಯಲ್ಲಿ ಮಣ್ಣು ಕಟ್ಟಿಕೊಂಡು ಟೈರು ಬೋಳಾದಂತೆಯೇ ಲೆಕ್ಕ. ಮಳೆಗಾಲದಲ್ಲಿ ಎರೆಹೊಲದ ದಾರಿಯಲ್ಲಿ ಸೈಕಲ್ ತಳ್ಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಡ್‌ಗಾರ್ಡಿಗೂ ಚಕ್ರಕ್ಕೂ ನಡುವೆ ಮಣ್ಣು ಗಟ್ಟಿಯಾಗಿ ಕೂತರೆ ಸೈಕಲ್ ನಮ್ಮನ್ನು ಹೊರುವ ಬದಲು ನಾವೇ ಅದನ್ನು ಹೊರಬೇಕು.

ಇನ್ನೊಂದು ಸ್ವಾರಸ್ಯ ಕೇಳಿ. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ ಆ ಪಂದ್ಯದ ಟೈರು 33 ಮಿಲಿಮೀಟರಿಗಿಂತ ಅಗಲ ಇರಕೂಡದು. ನಮ್ಮ ಹಾಲಿನವರ ಕರಿ ಸೈಕಲ್ಲಿನ ಟೈರು ಒಂದೂವರೆ ಇಂಚು, ಅಂದರೆ ಸುಮಾರು 38 ಮಿಲಿಮೀಟರು. ವಿಶ್ವ ಚಾಂಪಿಯನ್ನರಿಗಿಂತ ಅಗಲವಾದ ಟೈರಿನ ಮೇಲೆ ನಮ್ಮ ಹಾಲು ದಿನಾ ಮನೆಗೆ ಬರುತ್ತಿದೆ! ಹಾಗಾಗಿ "ನಮ್ ಗಾಡಿ ಹಳೇದು ಬಿಡ್ರೀ" ಎಂದು ಯಾರೂ ಮೂಗು ಮುರಿಯಬೇಕಾಗಿಲ್ಲ.

"ಗ್ರಿಪ್ ಜಾಸ್ತಿ ಇರೋದು ಕೊಡಿ"

ಅಂಗಡಿಯಲ್ಲಿ ಕೇಳಿಬರುವ ಇನ್ನೊಂದು ಮಾತು ಇದು. ಡಾಂಬರು, ಕಾಂಕ್ರೀಟಿನ ಮೇಲೆ ದೊಡ್ಡ ಉಬ್ಬುಗಳಿಂದ ಹಿಡಿತ ಹೆಚ್ಚುವುದಿಲ್ಲ. ನೆಲಕ್ಕೆ ತಾಗುವ ರಬ್ಬರ್ ಕಡಿಮೆಯಾಗುತ್ತದೆ, ತುಳಿತ ಭಾರವಾಗುತ್ತದೆ, ಗುಂಯ್ ಎಂಬ ಸದ್ದು ಬೇರೆ. ಕಾರಿನ ಅಗಲದ ಟೈರು ನೀರಿನ ಮೇಲೆ ತೇಲಿ ಜಾರುವುದುಂಟು. ಸೈಕಲ್ಲಿನ ಟೈರು ಕಿರಿದು, ದುಂಡು. ನಾವು ಹೋಗುವ ವೇಗದಲ್ಲಿ ಅದು ನೀರನ್ನು ಸೀಳಿಕೊಂಡು ನೆಲ ಮುಟ್ಟುತ್ತದೆ. ಉಬ್ಬು ಕೆಲಸ ಮಾಡುವುದು ಮಣ್ಣಿನೊಳಗೆ ಇಳಿದಾಗ ಮಾತ್ರ.

ಊರೊಳಗೇ ಓಡಾಡುವವರಿಗೆ ನಡುವೆ ನುಣುಪಾಗಿ, ಅಂಚಿನಲ್ಲಿ ಸಣ್ಣ ಗೆರೆಗಳಿರುವ, ಫ್ರೇಮು ಮತ್ತು ಮಡ್‌ಗಾರ್ಡಿನ ಸಂದಿ ಬಿಟ್ಟಷ್ಟು ಅಗಲದ ಟೈರು ಸಾಕು. ದಿನಾ ನಾಲೆ ಏರಿಯ ಮೇಲೆ, ಹೊಲದ ದಾರಿಯಲ್ಲಿ ಹೋಗುವವರಿಗೆ ಉಬ್ಬಿನ ಟೈರು. ಅರ್ಧ ಅದು ಅರ್ಧ ಇದು ಎನ್ನುವವರು ಅಗಲಕ್ಕೆ ಮೊದಲ ಮರ್ಯಾದೆ ಕೊಡಲಿ, ಉಬ್ಬಿಗೆ ಆಮೇಲೆ. ಜಲ್ಲಿಯ ಮೇಲೆ ಕಾಪಾಡುವುದು ಅಗಲ ಮತ್ತು ಗಾಳಿ.

ಗಾಳಿಯ ಲೆಕ್ಕ

ಕಲ್ಲಿನಂತೆ ಗಾಳಿ ಹೊಡೆಸಿದರೆ ಸೈಕಲ್ ಓಡುತ್ತದೆ ಎಂಬುದು ಅರ್ಧ ನಿಜ. ನುಣುಪು ರಸ್ತೆಯಲ್ಲಿ ಸರಿ. ಜಲ್ಲಿಯ ಮೇಲೆ ಅದೇ ಟೈರು ಪುಟಿಯುತ್ತದೆ, ತಿರುವಿನಲ್ಲಿ ಜಾರುತ್ತದೆ. ಸೈಕ್ಲೋಕ್ರಾಸ್‌ನವರು 25-30 ಪೌಂಡಿಗೆ ಇಳಿಸುವುದುಂಟು. ಆದರೆ ಅವರ ಸೈಕಲ್ಲಿಗೆ ಕ್ಯಾರಿಯರ್ ಇಲ್ಲ, ಕ್ಯಾರಿಯರಿನ ಮೇಲೆ ಅಕ್ಕಿ ಮೂಟೆ ಇಲ್ಲ. ನಮ್ಮ ಟೈರಿನ ಪಕ್ಕೆಯಲ್ಲಿ ಎಷ್ಟು ಪೌಂಡು ಎಂದು ಅಚ್ಚು ಹಾಕಿರುತ್ತಾರೆ. ಆ ಮಿತಿ ದಾಟಬಾರದು. ಭಾರ ಬೀಳುವುದು ಹಿಂದಿನ ಚಕ್ರಕ್ಕೆ, ಅದಕ್ಕೆ ಗಾಳಿ ಹೆಚ್ಚು. ಮುಂದಕ್ಕೆ ಸ್ವಲ್ಪ ಕಡಿಮೆ.

ಗಾಳಿ ತೀರಾ ಕಡಿಮೆಯಾದರೂ ಕಷ್ಟವೇ. ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು ಬೀಳುತ್ತದೆ. ಎರಡು ತೂತು ಕಂಡರೆ ಗಾಳಿ ಸಾಲದು ಎಂದೇ ತಿಳಿಯಿರಿ. ಒಂದೇ ತೂತಾದರೆ ಮುಳ್ಳು. ನಮ್ಮ ಕಡೆ ಬಳ್ಳಾರಿ ಜಾಲಿಗೆ ಬರವಿಲ್ಲವಲ್ಲ! ಪ್ಯಾಚ್ ಹಾಕುವ ಮುಂಚೆ ಟೈರಿನ ಒಳಗೆ ಬಟ್ಟೆಯಾಡಿಸಿ ಮುಳ್ಳು ತೆಗೆಸಿ. ಇಲ್ಲದಿದ್ದರೆ ಮುಂದಿನ ಬೀದಿಯಲ್ಲೇ ಮತ್ತೆ ಪಂಕ್ಚರ್. ಪಾಪ, ಬೈಗುಳ ಅಂಗಡಿಯವನಿಗೆ.

ಅಂಗಡಿಯವರೇ, ನಂಬರು ನೋಡಿ ಕೊಡಿ

"ಇಪ್ಪತ್ತಾರರ ಟೈರು ಕೊಡಿ" ಎಂದು ಹುಡುಗ ಬಂದರೆ ತಕ್ಷಣ ಕೊಟ್ಟುಬಿಡಬೇಡಿ. 26 ಎಂಬ ಹೆಸರಿನಲ್ಲಿ ಬೇರೆ ಬೇರೆ ಅಳತೆಗಳಿವೆ. 26 x 1 3/8 ಎಂದು ಭಿನ್ನರಾಶಿಯಲ್ಲಿ ಬರೆದದ್ದರ ರಿಮ್ಮು 590 ಮಿಲಿಮೀಟರಿನದು. 26 x 1.75 ಎಂದು ದಶಮಾಂಶದಲ್ಲಿ ಬರೆದದ್ದು 559ರದು. ಒಂದಕ್ಕೊಂದು ಕೂರುವುದಿಲ್ಲ. ಹಾಗೆಯೇ ದೊಡ್ಡ ಕರಿ ಸೈಕಲ್ಲಿನ 28 x 1½ ಟೈರಿಗೆ 635ರ ರಿಮ್ಮು; ಹೊಸ ಗೇರ್ ಸೈಕಲ್ಲಿನ 700 ಸಿ ಟೈರಿಗೆ 622ರದು. ಟೈರಿನ ಪಕ್ಕೆಯಲ್ಲಿ 40-635 ಎಂಬಂತೆ ಜೋಡಿ ಅಂಕಿ ಇದ್ದರೆ ಮೊದಲನೆಯದು ಅಗಲ, ಎರಡನೆಯದು ರಿಮ್ಮಿನ ಅಳತೆ. ಈ ಎರಡನೆಯ ಅಂಕಿ ತಾಳೆಯಾದರೆ ಜಗಳವಿಲ್ಲ.

ಒಂದೇ ಟೈರಿಗೆ ದುಡ್ಡಿರುವವರಿಗೂ ಒಂದು ಮಾತು. ಸವೆಯುವುದು ಹಿಂದಿನದು, ಹೊಸದನ್ನೂ ಹಿಂದಕ್ಕೇ ಹಾಕಿಸುವುದು ರೂಢಿ. ಅದು ಬೇಡ. ಹಿಂದಿನ ಚಕ್ರ ಜಾರಿದರೆ ಕಾಲು ಕೊಟ್ಟು ನಿಲ್ಲಬಹುದು. ಮುಂದಿನದು ಜಾರಿದರೆ ಬೀಳುವುದೇ ಸೈ. ಹಿಂದೆ ಬಸ್ಸಿದ್ದರೆ ಏನಾಗುತ್ತದೆಂದು ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಗೊತ್ತು. ಆದ್ದರಿಂದ ಮುಂದಿನ ಟೈರನ್ನು ಹಿಂದಕ್ಕೆ ಹಾಕಿಸಿ, ಹೊಸದನ್ನು ಮುಂದಕ್ಕೆ ಹಾಕಿಸಿ. ಅಳತೆ ಎರಡಕ್ಕೂ ಒಂದೇ ಇದ್ದರೆ ಅರ್ಧ ಗಂಟೆಯ ಕೆಲಸ. ಪಕ್ಕೆ ಬಿರಿದು ದಾರ ಕಾಣುತ್ತಿರುವ ಟೈರನ್ನು ಮಾತ್ರ ಎಲ್ಲಿಗೂ ಹಾಕಿಸಬೇಡಿ. ಸ್ಟ್ಯಾಂಡಿನಲ್ಲಿ ಸೈಕಲ್ ಬಿಡುವವರು ಸಾಧ್ಯವಾದಷ್ಟು ನೆರಳು ಹುಡುಕಲಿ. ಬಿಸಿಲಿಗೆ ರಬ್ಬರು ಬಿರಿಯುತ್ತದೆ.

ಇನ್ನು ಪಾಲಿಕೆಯವರಿಗೆ. ಆ ದೂರದ ದೇಶದ ಪಂದ್ಯದಲ್ಲಿ ಪಟು ಹೆಸರು ನೋಂದಾಯಿಸಿ ಕೆಸರಿಗಿಳಿಯುತ್ತಾನೆ. ಸೈಕಲ್ ಕೆಟ್ಟರೆ ಬದಲಿ ಸೈಕಲ್ ಹಿಡಿದು ಕಾಯುವವರೂ ಇರುತ್ತಾರೆ. ಇಲ್ಲಿ ಪೇಪರ್ ಹಾಕುವ ಹುಡುಗ ಯಾವ ಪಂದ್ಯಕ್ಕೂ ಹೆಸರು ಕೊಟ್ಟಿಲ್ಲ. ಅಗೆದದ್ದನ್ನು ಧಮ್ಮಸ್ಸು ಹಾಕಿ ಮಟ್ಟ ಮಾಡಿಸಿ, ಚೆಲ್ಲಿದ ಜಲ್ಲಿ ಗುಡಿಸಿಸಿ, ರಾತ್ರಿ ಗುಂಡಿಯ ಪಕ್ಕ ಒಂದು ಕೆಂಪು ದೀಪ ಇಡಿಸಿ. ಒಳ್ಳೆ ಟೈರು ಹಾಕಿಸಿಕೊಳ್ಳುವುದು ಸವಾರನ ಕೆಲಸ. ಅಗೆದ ನೆಲ ಮುಚ್ಚುವುದು ಅಗೆದವರ ಕೆಲಸ.